ಮೌಸ್‌ನಿಂದ ಕೈ ನೋವಾ? ಎಲ್ಲಿ ನೋವು ಅಂತ ಮೊದಲು ನೋಡಿ, ಬೇರೆ ಸಾಧನ ಆಮೇಲೆ ಕೊಳ್ಳಿ

ಮೌಸ್ ಬದಲಿಗೆ ಯಾವುದು ಒಳ್ಳೆಯದು ಅಂತ ಕೇಳುವವರು ಈಗ ಜಾಸ್ತಿ. ಶಿವಮೊಗ್ಗದ ಪ್ರೆಸ್‌ಗಳಲ್ಲಿ ಲಗ್ನಪತ್ರಿಕೆ ಡಿಸೈನ್ ಮಾಡುವವರು, ಸೈಬರ್‌ನಲ್ಲಿ ದಿನವಿಡೀ ಅರ್ಜಿ ತುಂಬುವವರು, ಬೆಂಗಳೂರಿನ ಕೆಲಸವನ್ನು ತೀರ್ಥಹಳ್ಳಿ, ಹೊಸನಗರದ ಮನೆಯಲ್ಲೇ ಕೂತು ಮಾಡುವವರು, ಎಲ್ಲರದ್ದೂ ಒಂದೇ ಪ್ರಶ್ನೆ. "ಅಣ್ಣಾ, ವರ್ಟಿಕಲ್ ಮೌಸ್ ತಗೊಳ್ಳಲಾ, ಟ್ರ್ಯಾಕ್‌ಬಾಲ್ ತಗೊಳ್ಳಲಾ?" ವರ್ಟಿಕಲ್ ಅಂದರೆ ಕೈಕುಲುಕುವ ಹಾಗೆ ಹಿಡಿಯುವ ಮೌಸ್, ಟ್ರ್ಯಾಕ್‌ಬಾಲ್ ಅಂದರೆ ಕೂತಲ್ಲೇ ಇದ್ದು ಮೇಲಿನ ಚೆಂಡು ಉರುಳಿಸಿ ಪಾಯಿಂಟರ್ ಆಡಿಸುವ ಸಾಧನ. ನಾನು ತಿರುಗಿ ಕೇಳುವುದೂ ಒಂದೇ. ಎಲ್ಲಿ ನೋವು, ಬೆರಳಿಟ್ಟು ತೋರಿಸಿ.

ಸುಮ್ನೆ ಕೇಳುವುದಲ್ಲ. ನೋವೇ ಕೊಡದ ಸಾಧನ ಅಂತ ಯಾವುದೂ ಇಲ್ಲ. ಪ್ರತಿಯೊಂದೂ ಕೆಲಸದ ಭಾರವನ್ನು ಕೈಯ ಒಂದು ಜಾಗದಿಂದ ತೆಗೆದು ಇನ್ನೊಂದು ಜಾಗಕ್ಕೆ ಹಾಕುತ್ತದೆ. ವರ್ಟಿಕಲ್ ಮೌಸ್ ಮುಂಗೈಗೆ ಆರಾಮ ಕೊಡುತ್ತದೆ, ಆದರೆ ಹೆಗಲಿಗೆ ಕೆಲಸ ಹೆಚ್ಚುತ್ತದೆ. ಹೆಬ್ಬೆರಳಿನಲ್ಲಿ ಉರುಳಿಸುವ ಟ್ರ್ಯಾಕ್‌ಬಾಲ್ ಹೆಗಲಿಗೆ ಆರಾಮ ಕೊಡುತ್ತದೆ, ಆ ಭಾರವೆಲ್ಲ ಹೆಬ್ಬೆರಳ ಮೇಲೆ ಬೀಳುತ್ತದೆ. ಹಾಗಾಗಿ ಪಕ್ಕದವರಿಗೆ ಸರಿಹೋದದ್ದು ನಿಮಗೆ ಸರಿಹೋಗಲೇಬೇಕು ಅಂತಿಲ್ಲ. ಅವರ ನೋವಿನ ಜಾಗ ಬೇರೆ, ನಿಮ್ಮದು ಬೇರೆ.

ಇವು ಇದ್ದರೆ ಮೌಸ್ ವಿಷಯ ಬಿಡಿ, ಡಾಕ್ಟರ ಹತ್ತಿರ ಹೋಗಿ

ಎಡಗೈ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಇದ್ದರೆ ಅದು ಕಂಪ್ಯೂಟರ್ ನೋವು ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಒಂದು ಕೈ ಇದ್ದಕ್ಕಿದ್ದಂತೆ ಸೋತು ಮಾತು ತೊದಲಿದರೂ ಅಷ್ಟೇ. ಕೀಲು ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿ ಇದ್ದರೆ, ಬಿದ್ದ ಮೇಲೆ ಶುರುವಾದ ನೋವಾದರೆ, ಕೈಯಲ್ಲಿರುವ ಲೋಟ ತಾನಾಗೇ ಜಾರುತ್ತಿದ್ದರೆ, ಹೆಬ್ಬೆರಳ ಬುಡದ ಮಾಂಸ ಇನ್ನೊಂದು ಕೈಗಿಂತ ಬತ್ತಿದಂತೆ ಕಂಡರೆ, ಇವು ಯಾವುದೂ ಮನೆಯಲ್ಲಿ ಪರೀಕ್ಷೆ ಮಾಡಿಕೊಂಡು ಕೂರುವ ವಿಷಯ ಅಲ್ಲ.

ಇನ್ನೊಂದು ಮಾತು. ಜೋಮು ಹಿಡಿದ ಕೈಗೆ ಬಿಸಿ ಗೊತ್ತಾಗುವುದಿಲ್ಲ. ನಮ್ಮ ಕಡೆ ಮಳೆಗಾಲದ ಥಂಡಿಯಲ್ಲಿ ಬಚ್ಚಲ ಒಲೆ ಮುಂದೆ ಕೈ ಕಾಯಿಸುವುದು, ಹಂಡೆಯ ನೀರಿಗೇ ಕೈ ಅದ್ದುವುದು ರೂಢಿ. ಜೋಮು ಇದ್ದರೆ ಬೇಡ, ಚರ್ಮ ಸುಟ್ಟ ಮೇಲೆ ಗೊತ್ತಾಗುತ್ತದೆ. ಅಡಿಕೆ ಸುಲಿಯುವ ಕಾಲದಲ್ಲಿ ಅಂಥ ಕೈ ಇಟ್ಟುಕೊಂಡು ಮೆಟ್ಟುಗತ್ತಿ ಮುಂದೆ ಕೂರುವುದಂತೂ ಬೇಡವೇ ಬೇಡ.

ಕೈ ಎಲ್ಲ ಒಂದೇ ಥರ ದಣಿಯುತ್ತದೆ, ಇಂಥದ್ದೇ ಜಾಗ ಅಂತಿಲ್ಲ

ಇದು ಎಲ್ಲಕ್ಕಿಂತ ಸುಲಭದ್ದು. ಹೆಚ್ಚಿನ ಸಲ ದುಡ್ಡು ಖರ್ಚಾಗದೆ ಸರಿಹೋಗುತ್ತದೆ.

ಮೌಸನ್ನು ತಲೆಕೆಳಗು ಮಾಡಿ ನೋಡಿ. ಕೆಳಗಿನ ನುಣುಪು ಪಟ್ಟಿಗಳ ಸುತ್ತ ಕಪ್ಪಗೆ ಕೊಳೆ ಕೂತಿದೆಯಾ? ಅದು ಇದ್ದರೆ ಮೌಸ್ ಜಾರುವುದಿಲ್ಲ. ಜಾರದಿದ್ದರೆ ಕೈ ತನಗೆ ಗೊತ್ತಿಲ್ಲದೆ ಬಿಗಿಯಾಗಿ ಹಿಡಿಯುತ್ತದೆ, ದಿನವಿಡೀ. ಹಲ್ಲುಕಡ್ಡಿಯಿಂದ ಕೆರೆದು ಒಣ ಬಟ್ಟೆಯಲ್ಲಿ ಒರೆಸಿ. ಮಳೆಗಾಲದಲ್ಲಿ ಬಟ್ಟೆಯ ಪ್ಯಾಡ್ ತೇವ ಎಳೆದುಕೊಂಡು ಅಂಟಂಟಾಗುತ್ತದೆ. ಅದನ್ನು ತೊಳೆದು ಒಣಗಿಸಿ, ಇಲ್ಲವೇ ಗಟ್ಟಿ ಮೈಯ ಪ್ಯಾಡ್ ಹಾಕಿ. ಕ್ಲಿಕ್ ಬಟನ್ ಗಟ್ಟಿಯಾಗಿದ್ದರೆ, ಒಂದು ಸಲ ಒತ್ತಿದರೆ ಎರಡು ಸಲ ಬೀಳುತ್ತಿದ್ದರೆ ಆ ಮೌಸಿನ ಕಾಲ ಮುಗಿದಿದೆ. ಹೊಸ ಸಾದಾ ಮೌಸ್ ತಂದು ನೋಡಿ, ದುಬಾರಿ ಸಾಧನದ ಯೋಚನೆ ಆಮೇಲೆ.

ಆಮೇಲೆ ವೇಗ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಆಂಡ್ ಡಿವೈಸಸ್, ಅದರೊಳಗೆ ಮೌಸ್. ಅಲ್ಲಿ ಪಾಯಿಂಟರ್ ಸ್ಪೀಡ್ ಸ್ವಲ್ಪ ಏರಿಸಿ. ಪರದೆಯ ಈ ತುದಿಯಿಂದ ಆ ತುದಿಗೆ ಹೋಗಲು ಮೌಸನ್ನು ಎತ್ತಿ ಎತ್ತಿ ಇಡುತ್ತಿದ್ದರೆ ವೇಗ ಕಡಿಮೆ ಅಂತ ಅರ್ಥ. ತೀರಾ ಏರಿಸಿದರೆ ಸಣ್ಣ ಬಟನ್ ಮೇಲೆ ನಿಲ್ಲಿಸಲು ಕೈ ಬಿಗಿ ಹಿಡಿಯಬೇಕಾಗುತ್ತದೆ, ಅದೂ ಬೇಡ.

ಕೂರುವ ಜಾಗ ನೋಡಿ. ಮನೆಯಲ್ಲಿ ಕೆಲಸ ಮಾಡುವವರು ಸಿಗ್ನಲ್ ಎಲ್ಲಿ ಸಿಗುತ್ತದೋ ಅಲ್ಲಿ ಕೂರುತ್ತಾರೆ, ಬೇರೆ ದಾರಿ ಇಲ್ಲ. ಜಗಲಿಯ ಬೆಂಚಿನ ಮೇಲೆ ಲ್ಯಾಪ್‌ಟಾಪ್, ತೊಡೆಯ ಮೇಲೆ ಪುಸ್ತಕ, ಪುಸ್ತಕದ ಮೇಲೆ ಮೌಸ್. ಹೀಗೆ ಕೂತರೆ ಯಾವ ಸಾಧನ ತಂದರೂ ನೋಯುತ್ತದೆ. ಮೌಸ್ ಹಿಡಿದಾಗ ಮೊಣಕೈ ಮೈಗೆ ಹತ್ತಿರ ಇರಬೇಕು, ಹೆಚ್ಚುಕಡಿಮೆ ಲಂಬ ಕೋನದಲ್ಲಿ ಮಡಚಿರಬೇಕು. ಮೇಜು ಎತ್ತರವಾದರೆ ಕುರ್ಚಿಗೆ ದಿಂಬು ಹಾಕಿ, ಪಾದದ ಕೆಳಗೆ ಒಂದು ಮಣೆ ಇಡಿ.

ಇಷ್ಟು ಮಾಡಿ ಒಂದೆರಡು ವಾರ ನೋಡಿ. ದಣಿವು ಹೋದರೆ ಕೊಳ್ಳುವುದಕ್ಕೆ ಏನೂ ಇಲ್ಲ.

ಮುಂಗೈ ಉರಿ, ಮೊಣಕೈಯ ಹೊರಬದಿ ನೋವು

ಇದನ್ನು ಪರೀಕ್ಷಿಸುವುದು ಸುಲಭ. ತುಂಬಿದ ಚೊಂಬನ್ನು ಅಂಗೈ ಕೆಳಮುಖವಾಗಿರುವಂತೆ ಬಾಯಿ ಹಿಡಿದು ಎತ್ತಿ. ಮೊಣಕೈಯ ಹೊರಗಡೆ ಇರುವ ಮೂಳೆಯ ಹತ್ತಿರ ಚುಳುಕ್ ಅಂದರೆ, ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳು ಸೋತಿವೆ. ಟೆನಿಸ್ ಎಲ್ಬೋ ಅಂತಾರಲ್ಲ, ಅದರದೇ ಜಾಗ ಇದು. ಟೆನಿಸ್ ಆಡದವರಿಗೂ ಬರುತ್ತದೆ.

ಯಾಕೆ ಬರುತ್ತದೆ ಅಂತ ನೋಡಬೇಕಾದರೆ ಮೌಸ್ ಹಿಡಿದ ಕೈಯನ್ನು ಪಕ್ಕದಿಂದ ನೋಡಿ. ಪರದೆ ಓದುತ್ತಾ ಕೂತಿದ್ದಾರೆ, ಕ್ಲಿಕ್ ಏನೂ ಇಲ್ಲ. ಆದರೂ ತೋರುಬೆರಳು ಬಟನ್‌ನಿಂದ ಒಂದು ಕೂದಲೆಳೆಯಷ್ಟು ಮೇಲೆ ನಿಂತಿರುತ್ತದೆ, ಎಲ್ಲಿ ತಪ್ಪಿ ಕ್ಲಿಕ್ ಆಗುತ್ತದೋ ಅಂತ. ಅಷ್ಟು ಹೊತ್ತೂ ಮುಂಗೈ ಸ್ನಾಯು ಬಿಗಿದೇ ಇರುತ್ತದೆ. ಮೇಲಿನಿಂದ ಅಂಗೈ ಕೆಳಗೆ ಮಾಡಿ ಹಿಡಿಯುವುದರಿಂದ ಮುಂಗೈಯ ಎರಡು ಮೂಳೆಗಳು ತಿರುಚಿಕೊಂಡ ಸ್ಥಿತಿಯಲ್ಲೇ ಉಳಿಯುತ್ತವೆ.

ಮೊದಲ ಉಪಾಯ: ಓದುವಾಗ ಮೌಸಿನಿಂದ ಕೈ ತೆಗೆದು ತೊಡೆಯ ಮೇಲೆ ಇಡಿ. ಕೆಳಗೆ ಸರಿಸಲು ಪೇಜ್ ಡೌನ್ ಬಳಸಿ. ಎರಡನೆಯದು ವರ್ಟಿಕಲ್ ಮೌಸ್. ಇದನ್ನು ಕೈಕುಲುಕುವಾಗಿನ ಹಾಗೆ ಹಿಡಿಯಬೇಕು, ಹಾಗಾಗಿ ಮುಂಗೈ ತಿರುಚುವುದಿಲ್ಲ. ಸಾವಿರ ರೂಪಾಯಿ ಆಸುಪಾಸಿನಲ್ಲೂ ಸಿಗುತ್ತವೆ. ಲಾಜಿಟೆಕ್‌ನ ಎಂಎಕ್ಸ್ ವರ್ಟಿಕಲ್ 57 ಡಿಗ್ರಿ ವಾಲಿಕೊಂಡಿರುತ್ತದೆ, ಅದು ದೊಡ್ಡ ಕೈಯವರಿಗೆ. ಸಣ್ಣ ಕೈಯವರು ಅದೇ ಕಂಪನಿಯ ಲಿಫ್ಟ್ ನೋಡಬಹುದು, ಅದರಲ್ಲಿ ಎಡಗೈಯದೂ ಇದೆ. ಅಳತೆ ಮುಖ್ಯ, ಬ್ರ್ಯಾಂಡ್ ಅಲ್ಲ. ದೊಡ್ಡ ವರ್ಟಿಕಲ್ ಮೌಸ್ ಸಣ್ಣ ಕೈಗೆ ಸಿಕ್ಕಿದರೆ ಬೆರಳು ಚಾಚಿ ಚಾಚಿ ಹೊಸ ನೋವು ಶುರುವಾಗುತ್ತದೆ. ಅಂಗಡಿಯಲ್ಲಿ ಡಬ್ಬಿ ನೋಡಿ ತರಬೇಡಿ, ಕೈಯಲ್ಲಿ ಹಿಡಿದು ಬೆರಳ ತುದಿ ಬಟನ್ ಮೇಲೆ ಸಹಜವಾಗಿ ಕೂರುತ್ತದೆಯಾ ಅಂತ ನೋಡಿ ತನ್ನಿ.

ಆರು ವಾರ ಆದರೂ ಚೊಂಬು ಎತ್ತುವಾಗಿನ ನೋವು ಹಾಗೇ ಇದ್ದರೆ ಫಿಸಿಯೋಥೆರಪಿ ಬೇಕು. ಈ ಸ್ನಾಯುಗಳಿಗೆ ನಿಧಾನವಾಗಿ ಭಾರ ಕೊಟ್ಟು ಬಲ ತುಂಬುವ ವ್ಯಾಯಾಮ ಇದೆ, ಅದನ್ನು ಗೊತ್ತಿದ್ದವರ ಹತ್ತಿರ ಕಲಿಯಬೇಕು.

ಬಲ ಹೆಗಲು, ರೆಕ್ಕೆ ಮೂಳೆಯ ಪಕ್ಕ, ಕತ್ತು

ಕೀಬೋರ್ಡ್ ನೋಡಿ. ಬಲಗಡೆ ನಂಬರ್ ಪ್ಯಾಡ್ ಇದೆಯಾ? ಅದರ ಆಚೆಗೆ ಮೌಸ್ ಇದೆಯಾ? ಪೂರ್ತಿ ಅಳತೆಯ ಕೀಬೋರ್ಡ್ ಸುಮಾರು 45 ಸೆಂಟಿಮೀಟರ್ ಅಗಲ. ಟೈಪ್ ಮಾಡುವಾಗ ನೀವು ಅಕ್ಷರಗಳ ಎದುರು ಕೂರುತ್ತೀರಿ, ಮೌಸ್ ಮಾತ್ರ ದೂರದಲ್ಲಿ. ಪ್ರತಿ ಸಲವೂ ತೋಳು ಹೊರಗೆ ಚಾಚಬೇಕು, ಚಾಚಿದ ತೋಳನ್ನು ಹಿಡಿದು ನಿಲ್ಲಿಸುವುದು ಹೆಗಲು.

ಇಲ್ಲಿ ವರ್ಟಿಕಲ್ ಮೌಸ್ ಕೊಂಡರೆ ದುಡ್ಡು ದಂಡ. ಅದನ್ನು ಇಡೀ ತೋಳಿನಿಂದ ಆಡಿಸಬೇಕು, ಹೆಗಲಿಗೆ ಇನ್ನೂ ಕೆಲಸ. ಬೇಕಾಗಿರುವುದು ದೂರ ಕಡಿಮೆ ಮಾಡುವುದು. ಖರ್ಚಿಲ್ಲದ ದಾರಿ ಅಂದರೆ ಮೌಸನ್ನು ಎಡಗೈಗೆ ಹಾಕುವುದು, ಎಡಗಡೆ ನಂಬರ್ ಪ್ಯಾಡ್ ಇಲ್ಲ ಅಲ್ವಾ. ಮೊದಲ ವಾರ ಕೈ ಪರದಾಡುತ್ತದೆ, ಆಮೇಲೆ ಒಗ್ಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬಟನ್ ಅದಲುಬದಲು ಮಾಡಬಹುದು, ಮಾಡದೆಯೂ ನಡೆಯುತ್ತದೆ. ಎರಡು ಬದಿಯೂ ಒಂದೇ ಆಕಾರ ಇರುವ ಮೌಸ್ ಆಗಬೇಕು ಅಷ್ಟೇ. ಸ್ವಲ್ಪ ಖರ್ಚಿನ ದಾರಿ ಅಂದರೆ ನಂಬರ್ ಪ್ಯಾಡ್ ಇಲ್ಲದ ಕೀಬೋರ್ಡ್. ಲೆಕ್ಕಪತ್ರ ಬರೆಯುವವರಿಗೆ ಅಂಕಿ ಬೇಕೇ ಬೇಕು, ಅವರು ಬೇರೆ ನಂಬರ್ ಪ್ಯಾಡ್ ತಂದು ಎಡಗಡೆ ಇಟ್ಟುಕೊಳ್ಳಲಿ.

ಅದಕ್ಕೂ ಬಗ್ಗದಿದ್ದರೆ ಟ್ರ್ಯಾಕ್‌ಬಾಲ್. ಸಾಧನ ಕೂತಲ್ಲೇ ಕೂತಿರುತ್ತದೆ, ಚೆಂಡು ಮಾತ್ರ ಉರುಳುತ್ತದೆ, ತೋಳು ಅಲ್ಲಾಡುವುದೇ ಇಲ್ಲ. ಮೇಜಿನ ಮೇಲೆ ಜಾಗ ಇಲ್ಲದವರಿಗೂ, ಜಗಲಿಯ ಬೆಂಚಿನವರಿಗೂ ಇದು ಹೇಳಿ ಮಾಡಿಸಿದ್ದು. ಇದು ಹೊಸ ಫ್ಯಾಷನ್ ಅಂತ ಕೆಲವರು ಹಿಂಜರಿಯುತ್ತಾರೆ. ಅಲ್ಲ, ಮೌಸ್ ಕಂಡುಹಿಡಿದ ಡಗ್ಲಸ್ ಎಂಗೆಲ್‌ಬಾರ್ಟ್ ಅವರ ಮರದ ಮೌಸ್ ಬಂದದ್ದು 1964ರಲ್ಲಿ, ಕೆನಡಾದ ನೌಕಾಪಡೆಯ ಡಾಟಾರ್ ಯೋಜನೆಯಲ್ಲಿ ಅದಕ್ಕೂ ಮೊದಲೇ, 1952ರ ಹೊತ್ತಿಗೇ, ಬೌಲಿಂಗ್ ಆಟದ ಚೆಂಡನ್ನೇ ಬಳಸಿ ಟ್ರ್ಯಾಕ್‌ಬಾಲ್ ಮಾಡಿದ್ದರು. ಡಿಸೈನ್ ಮಾಡುವವರಿಗೆ ಇದರಲ್ಲಿ ಒಂದು ತೊಡಕಿದೆ. ಬಟನ್ ಒತ್ತಿ ಹಿಡಿದು ಚೆಂಡು ಉರುಳಿಸಿ ಎಳೆಯುವುದು ಕಷ್ಟ. ವಿಂಡೋಸ್‌ನ ಹಳೆಯ ಮೌಸ್ ಪ್ರಾಪರ್ಟೀಸ್ ಕಿಟಕಿಯಲ್ಲಿ ಕ್ಲಿಕ್‌ಲಾಕ್ ಅಂತ ಇದೆ, ಅದನ್ನು ಆನ್ ಮಾಡಿ. ಸ್ವಲ್ಪ ಹೊತ್ತು ಒತ್ತಿ ಬಿಟ್ಟರೆ ಬಟನ್ ಹಿಡಿದಂತೆಯೇ ಉಳಿಯುತ್ತದೆ, ಇನ್ನೊಮ್ಮೆ ಒತ್ತಿದರೆ ಬಿಡುತ್ತದೆ.

ನೋವು ಕತ್ತಿನಿಂದ ಶುರುವಾಗಿ ಕೈಗೆ ಇಳಿಯುತ್ತಿದ್ದರೆ, ಕತ್ತು ತಿರುಗಿಸಿದಾಗ ಕೈಯಲ್ಲಿ ಮಿಂಚು ಹೊಡೆದಂತೆ ಆಗುತ್ತಿದ್ದರೆ ಕತ್ತಿನ ನರದ ತೊಂದರೆ ಇರಬಹುದು. ಅದನ್ನು ಡಾಕ್ಟರೇ ನೋಡಬೇಕು. ನರ ಎಳೆಸುವುದು, ಕತ್ತು ಲಟಕ್ಕನೆ ತಿರುಗಿಸುವುದು ಬೇಡ.

ಹೆಬ್ಬೆರಳ ಬುಡ, ಮಣಿಕಟ್ಟಿನ ಹೆಬ್ಬೆರಳ ಬದಿ

ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ. ಹಾಗೇ ಮಣಿಕಟ್ಟನ್ನು ಕಿರುಬೆರಳ ಕಡೆಗೆ ಮೆಲ್ಲಗೆ ಬಗ್ಗಿಸಿ. ಹೆಬ್ಬೆರಳ ಬದಿಯಲ್ಲಿ ಚುರ್ ಅಂತ ಜೋರು ನೋವು ಬಂದರೆ ಅಲ್ಲಿಗೇ ಬಿಡಿ, ಮತ್ತೆ ಮತ್ತೆ ಮಾಡಿ ನೋಡಬೇಡಿ. ಹೆಬ್ಬೆರಳ ಸ್ನಾಯುರಜ್ಜುಗಳು ಹಾದುಹೋಗುವ ಹೊದಿಕೆ ದಪ್ಪವಾಗಿ ಉಜ್ಜುತ್ತಿದೆ ಅಂತ ಸೂಚನೆ.

ಇದಕ್ಕೆ ಹೆಬ್ಬೆರಳಿನ ಟ್ರ್ಯಾಕ್‌ಬಾಲ್ ಬೇಡ. ಲಾಜಿಟೆಕ್ ಎಂ575 ತುಂಬಾ ಜನ ಹೊಗಳುವ ಸಾಧನ, ಒಳ್ಳೆಯದೂ ಹೌದು, ಆದರೆ ಅದರ ಚೆಂಡು ಉರುಳಿಸುವುದು ಹೆಬ್ಬೆರಳೇ. ನಿಮಗೆ ಬೇಕಾದದ್ದು ಚೆಂಡು ನಡುವೆ ಇದ್ದು ತೋರುಬೆರಳು, ನಡುಬೆರಳಿನಿಂದ ಉರುಳಿಸುವಂಥದ್ದು. ಕೆನ್ಸಿಂಗ್ಟನ್‌ನ ಎಕ್ಸ್‌ಪರ್ಟ್ ಮೌಸ್ ಆ ಥರದ್ದು, 55 ಮಿಲಿಮೀಟರ್ ಚೆಂಡು, ಎರಡೂ ಕೈಗೆ ಆಗುತ್ತದೆ, ಬೆಲೆ ಮಾತ್ರ ಜಾಸ್ತಿ. ಅದರಲ್ಲೂ ಎಡಗಡೆಯ ಕೆಳಬಟನ್ ಬಲಗೈಯ ಹೆಬ್ಬೆರಳಿಗೇ ಬೀಳುತ್ತದೆ, ಹಾಗಾಗಿ ಅದರ ಸಾಫ್ಟ್‌ವೇರ್‌ನಲ್ಲಿ ಕ್ಲಿಕ್ ಕೆಲಸವನ್ನು ಬೇರೆ ಬಟನ್‌ಗೆ ಕೊಡಿ. ಪೆನ್ ಟ್ಯಾಬ್ಲೆಟ್, ಅಂದರೆ ಪೆನ್ನಿನಿಂದ ಗೀಚಿ ಪಾಯಿಂಟರ್ ಆಡಿಸುವ ಹಲಗೆ, ಡಿಸೈನ್‌ಗೆ ಚಂದ, ಆದರೆ ಪೆನ್ ಹಿಸುಕಿ ಹಿಡಿಯುವುದೂ ಹೆಬ್ಬೆರಳೇ, ಈ ನೋವು ಇಳಿಯುವವರೆಗೆ ಕಾಯಿರಿ.

ಮೌಸ್ ಒಂದನ್ನೇ ದೂರಬೇಡಿ. ರಾತ್ರಿ ಮಲಗಿಕೊಂಡು ಒಂದೇ ಕೈಯಲ್ಲಿ ಫೋನ್ ಹಿಡಿದು ಹೆಬ್ಬೆರಳಿನಿಂದ ಟೈಪ್ ಮಾಡುವುದು, ಎಳೆ ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತುವುದು, ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತು ಸಂಜೆ ಅಡಿಕೆ ಸುಲಿಯುವುದು, ಎಲ್ಲದರ ಭಾರವೂ ಅದೇ ಸ್ನಾಯುರಜ್ಜುಗಳಿಗೆ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ ಟೈಪ್ ಮಾಡಿಸಬಹುದು, ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನಲ್ಲಿ ಮೈಕ್ ಗುರುತು ಒತ್ತಿದರೆ ಸಾಕು. ಹೆಬ್ಬೆರಳಿಗೆ ಅಷ್ಟಾದರೂ ಬಿಡುವು ಸಿಗಲಿ.

ರಾತ್ರಿ ಜೋಮು ಹಿಡಿದು ಎಚ್ಚರ, ಕೈ ಕೊಡವಿದರೆ ಹಗುರ

ಈ ಲಕ್ಷಣವನ್ನು ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ, ಇಷ್ಟಕ್ಕೆ ಜೋಮು ಬಂದು ಕಿರುಬೆರಳು ಮಾತ್ರ ಸರಿ ಇದ್ದರೆ ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಕೊಂಡಿರುವ ಸಾಧ್ಯತೆ ಜಾಸ್ತಿ. ಕಾರ್ಪಲ್ ಟನಲ್ ಅನ್ನುವುದು ಇದನ್ನೇ. ಎರಡೂ ಕೈಗಳ ಹಿಂಬದಿ ಒಂದಕ್ಕೊಂದು ತಾಗಿಸಿ, ಬೆರಳು ಕೆಳಮುಖವಾಗಿ ಒಂದು ನಿಮಿಷ ಹಿಡಿಯಿರಿ. ಅಷ್ಟರಲ್ಲೇ ಆ ಬೆರಳುಗಳಲ್ಲಿ ಜುಮುಜುಮು ಶುರುವಾದರೆ ಅನುಮಾನ ಗಟ್ಟಿಯಾಗುತ್ತದೆ.

ಮೇಜಿನಲ್ಲಿ ನೋಡಬೇಕಾದದ್ದು ಒಂದೇ. ಕೆಲಸ ಮುಗಿಸಿ ಎದ್ದಾಗ ಮಣಿಕಟ್ಟಿನ ಒಳಬದಿಯಲ್ಲಿ ಅಡ್ಡಕ್ಕೆ ಕೆಂಪು ಗೆರೆ ಮೂಡಿದೆಯಾ? ಮೇಜಿನ ಅಂಚು ನರದ ಮೇಲೇ ಒತ್ತುತ್ತಿದೆ. ಇದಕ್ಕೆ ಜೆಲ್ ಉಬ್ಬು ಇರುವ ಪ್ಯಾಡ್ ತರುತ್ತಾರೆ, ಅದೂ ಅದೇ ಜಾಗವನ್ನೇ ಒತ್ತುತ್ತದೆ. ಊರುವುದಾದರೆ ಅಂಗೈಯ ಬುಡ ಅಥವಾ ಮುಂಗೈ ಊರಲಿ, ಮಣಿಕಟ್ಟು ನೇರವಾಗಿ, ಒತ್ತಡ ಇಲ್ಲದೆ ಇರಲಿ. ವರ್ಟಿಕಲ್ ಮೌಸ್‌ನಲ್ಲಿ ಅಂಗೈಯ ಪಕ್ಕ ಮೇಜಿಗೆ ತಾಗುವುದರಿಂದ ಒಳಬದಿಗೆ ಒತ್ತು ಬೀಳುವುದಿಲ್ಲ. ಮಲಗುವಾಗ ಮಣಿಕಟ್ಟನ್ನು ನೇರ ಇಡುವ ಪಟ್ಟಿ ಮೆಡಿಕಲ್ ಶಾಪ್‌ಗಳಲ್ಲಿ ಸಿಗುತ್ತದೆ, ಬಿಗಿಯಾಗಿ ಕಟ್ಟಬೇಡಿ.

ಆದರೆ ಮೌಸ್ ಬದಲಿಸಿ ಸುಮ್ಮನಾಗಬೇಡಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕಡಿಮೆ ಇರುವುದು, ಬಸಿರು, ಇವುಗಳಲ್ಲೂ ಇದೇ ಜೋಮು ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿ. ನರ ಎಷ್ಟು ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ಅಳೆಯುವ ಪರೀಕ್ಷೆಯೂ ಇದೆ, ಬೇಕಾ ಅಂತ ಡಾಕ್ಟರು ಹೇಳುತ್ತಾರೆ. ಶಿವಮೊಗ್ಗದವರು ಮೆಗ್ಗಾನ್ ಆಸ್ಪತ್ರೆಯ ಮೂಳೆ ವಿಭಾಗದಿಂದ ಶುರು ಮಾಡಬಹುದು. ಹಗಲೂ ಜೋಮು ಉಳಿದರೆ, ಅಂಗಿಯ ಗುಂಡಿ ಹಾಕಲು ಬೆರಳು ಬಗ್ಗದಿದ್ದರೆ ತಡ ಮಾಡಬೇಡಿ. ನರ ತುಂಬಾ ದಿನ ಒತ್ತಿಕೊಂಡೇ ಇದ್ದರೆ ಕಳೆದ ಬಲ ಪೂರ್ತಿ ಮರಳದೇ ಹೋಗಬಹುದು.

ಕಿರುಬೆರಳಿಗೆ ಮಾತ್ರ ಜೋಮು

ಮೌಸ್ ಕಾರಣ ಆಗಿರುವುದು ಕಡಿಮೆ. ಮೊಣಕೈಯನ್ನು ಮೇಜಿನ ಅಂಚಿಗೋ ಕುರ್ಚಿಯ ಗಟ್ಟಿ ಕೈಗೋ ಊರುತ್ತೀರಾ ನೋಡಿ. ಅಲ್ಲಿ ಅಲ್ನಾರ್ ನರ ಚರ್ಮದ ಕೆಳಗೇ ಹಾದುಹೋಗುತ್ತದೆ. ದಪ್ಪ ಬಟ್ಟೆ ಹಾಸಿ, ಫೋನಿಗೆ ಇಯರ್‌ಫೋನ್ ಹಾಕಿ, ಮೊಣಕೈ ಪೂರ್ತಿ ಮಡಚಿ ಮಲಗಬೇಡಿ. ಒಂದು ತಿಂಗಳಲ್ಲಿ ಹೋಗದಿದ್ದರೆ ತೋರಿಸಿ.

ಕ್ಲಿಕ್ ಮಾಡುವ ಬೆರಳೇ ನೋಯುತ್ತದೆ

ಇದಕ್ಕೆ ಮದ್ದು ಬೇರೆ ಮೌಸ್ ಅಲ್ಲ, ಕ್ಲಿಕ್ ಕಡಿಮೆ ಮಾಡುವುದು. ಅರ್ಜಿ ತುಂಬುವವರ ಕೈ ಗಮನಿಸಿ: ಹುಟ್ಟಿದ ದಿನಾಂಕಕ್ಕೆ ಒಂದು ಕ್ಲಿಕ್, ವರ್ಷದ ಪಟ್ಟಿ ಇಳಿಸಲು ಇನ್ನೊಂದು, 1978ರವರೆಗೆ ಚಕ್ರ ತಿರುಗಿಸುವುದು, ಆಮೇಲೆ ಜಿಲ್ಲೆಯ ಪಟ್ಟಿಯಲ್ಲಿ ಶಿವಮೊಗ್ಗ ಹುಡುಕುವುದು. ಟ್ಯಾಬ್ ಒತ್ತಿ ಮುಂದಿನ ಖಾನೆಗೆ ಹೋಗಿ, ಪಟ್ಟಿ ಬಂದಾಗ ಹೆಸರಿನ ಮೊದಲ ಎರಡು ಮೂರು ಅಕ್ಷರ ಟೈಪ್ ಮಾಡಿ. ಹೆಚ್ಚಿನ ಪಟ್ಟಿಗಳು ನೇರ ಅಲ್ಲಿಗೇ ಜಿಗಿಯುತ್ತವೆ. ಟಿಕ್ ಹಾಕಲು ಸ್ಪೇಸ್ ಬಾರ್ ಸಾಕು. ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ಡ್ರಾ ಬಳಸುವವರು ವಸ್ತುಗಳನ್ನು ಆರಿಸಿ ಎಲ್, ಆರ್, ಟಿ, ಬಿ ಒತ್ತಿದರೆ ಎಡ, ಬಲ, ಮೇಲೆ, ಕೆಳಗೆ ಸಾಲಾಗುತ್ತವೆ, ಬಾಣದ ಕೀಲಿಯಿಂದ ಚೂರುಚೂರೇ ಸರಿಸಬಹುದು.

ಮೌಸ್ ಪೂರ್ತಿ ಬಿಡಬೇಕಾದ ದಿನಗಳಿಗೆ ವಿಂಡೋಸ್‌ನಲ್ಲಿ ಮೌಸ್ ಕೀಸ್ ಇದೆ. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಮ್ ಲಾಕ್ ಒಟ್ಟಿಗೆ ಒತ್ತಿ. ನಂಬರ್ ಪ್ಯಾಡ್‌ನಿಂದ ಪಾಯಿಂಟರ್ ಓಡುತ್ತದೆ, 5 ಒತ್ತಿದರೆ ಕ್ಲಿಕ್. ನಿಧಾನ, ಆದರೂ ಕೆಲಸ ನಿಲ್ಲುವುದಿಲ್ಲ.

ಬೆರಳು ಮಡಚಿದರೆ ಅಲ್ಲೇ ಸಿಕ್ಕಿಕೊಂಡು ಟಕ್ ಅಂತ ಬಿಡಿಸಿಕೊಳ್ಳುತ್ತಿದ್ದರೆ ಬಲವಂತವಾಗಿ ಎಳೆಯಬೇಡಿ, ಡಾಕ್ಟರಿಗೆ ತೋರಿಸಿ.

ಹೊಸ ಸಾಧನ ತಂದೆ, ನೋವು ಇನ್ನೂ ಜಾಸ್ತಿ

ನೋವು ಹಳೆಯ ಜಾಗದಲ್ಲೇ ಇದೆಯಾ, ಹೊಸ ಜಾಗಕ್ಕೆ ಬಂದಿದೆಯಾ? ಹೊಸ ಜಾಗದಲ್ಲಿ ಸಣ್ಣ ದಣಿವಾದರೆ ಕೆಲಸ ಮಾಡದ ಸ್ನಾಯು ಈಗ ಮಾಡುತ್ತಿದೆ. ದಿನಕ್ಕೆ ಒಂದು ಗಂಟೆಯಿಂದ ಶುರು ಮಾಡಿ, ಉಳಿದ ಹೊತ್ತು ಹಳೆಯದೇ ಇರಲಿ, ವಾರ ವಾರ ಹೆಚ್ಚಿಸಿ. ಎರಡು ಸಾಧನ ಇಟ್ಟುಕೊಂಡು ಬದಲಾಯಿಸುತ್ತಾ ಇರುವುದೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು, ಯಾವ ಜಾಗಕ್ಕೂ ದಿನಪೂರ್ತಿ ಭಾರ ಬೀಳುವುದಿಲ್ಲ. ಹೊಸ ಜಾಗದಲ್ಲಿ ಚುಚ್ಚುವ ನೋವೋ ಜೋಮೋ ಬಂದರೆ ಮಾತ್ರ ಅವತ್ತೇ ನಿಲ್ಲಿಸಿ, ಅಂಗಡಿಗೆ ಮರಳಿಸುವ ಗಡುವು ಮೀರುವ ಮುಂಚೆ ಕೊಟ್ಟುಬಿಡಿ.

ಟ್ರ್ಯಾಕ್‌ಬಾಲ್ ತಂದಾಗ ಚೆನ್ನಾಗಿದ್ದು ಈಗ ತಡೆತಡೆದು ಓಡುತ್ತಿದ್ದರೆ ಚೆಂಡು ತೆಗೆದು ನೋಡಿ. ಕೆಳಗಿನ ತೂತಿನಿಂದ ಪೆನ್ಸಿಲ್ ಹಿಂಬದಿಯಲ್ಲಿ ತಳ್ಳಿದರೆ ಬರುತ್ತದೆ. ಒಳಗೆ ಚೆಂಡು ಕೂರುವ ಮೂರು ಸಣ್ಣ ಗುಂಡುಗಳ ಮೇಲೆ ಬೂದಿ ಬಣ್ಣದ ಕೊಳೆ ಕಟ್ಟಿರುತ್ತದೆ, ಮಳೆಗಾಲದಲ್ಲಿ ಬೇಗ ಕಟ್ಟುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಹಾಕಬೇಡಿ.

ಡಾಕ್ಟರ ಹತ್ತಿರ ಹೋಗುವುದೇ ಆದರೆ ಬರೀ ಕೈ ನೋವು ಅನ್ನಬೇಡಿ. ಯಾವ ಬೆರಳು, ಯಾವ ಹೊತ್ತು, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನೀವು ಕೆಲಸ ಮಾಡುತ್ತಿರುವಾಗ ಮನೆಯವರಿಗೆ ಹೇಳಿ ಪಕ್ಕದಿಂದ ಒಂದು ಫೋಟೋ ತೆಗೆಸಿಕೊಳ್ಳಿ, ಮೊಣಕೈ, ಮಣಿಕಟ್ಟು, ಮೇಜಿನ ಅಂಚು ಮೂರೂ ಕಾಣುವ ಹಾಗೆ. ಅಡಿಕೆ ಸುಲಿಗೆ, ಹೊಲಿಗೆ, ಬೈಕ್ ಓಡಿಸುವುದು ಇದ್ದರೆ ಅದನ್ನೂ ಹೇಳಿ, ಅವರು ಕೇಳುವವರೆಗೆ ಕಾಯಬೇಡಿ.